ಉಪಾಧ್ಯರ ಸಡಿಲ ವಾಚು

ಅಹಮದಾಬಾದಿನ ನವರಂಗಪುರದಲ್ಲಿ ಉಡುಪಿ ಹೋಟೆಲು ನಡೆಸುವ ವಾಸುದೇವ ಉಪಾಧ್ಯರ ಸ್ಮಾರ್ಟ್‌ವಾಚು ಮಣಿಕಟ್ಟಿಗೆ ಅಂಟಿ ಕೂತದ್ದನ್ನು ಯಾರೂ ಕಂಡಿಲ್ಲ. ಕೈ ಎತ್ತಿದರೆ ಬಳೆಯಂತೆ ಜಾರುತ್ತದೆ. ಚರ್ಮ ಬಿಟ್ಟೊಡನೆ ಬೀಗ ಹಾಕಿಕೊಂಡು ಪಾಸ್‌ಕೋಡ್ ಕೇಳುತ್ತದೆ. "ಪುನಃ ಲಾಕ್ ಆಯ್ತು ಮಾರಾಯ್ತಿ!" ಎಂದು ಗಲ್ಲಾಪೆಟ್ಟಿಗೆಯ ಹಿಂದೆ ತಮ್ಮ ಪಕ್ಕದಲ್ಲಿ ಕೂತ ಹೆಂಡತಿ ರುಕ್ಮಿಣಮ್ಮನ ಮುಂದೆ ಕೈ ಚಾಚುತ್ತಾರೆ. ಆಕೆ ಪಟ್ಟಿ ಕಟ್ಟಿ, ಒಂದೊಂದೇ ಅಂಕಿ ಒತ್ತಬೇಕು. "ಕಾಕಾ, ಪಟ್ಟೋ ಟೈಟ್ ಕರೋ ನೆ!" ಎಂದು, ಪಟ್ಟಿ ಬಿಗಿ ಮಾಡಿಕೊಳ್ಳಲು ಗುಜರಾತಿಯಲ್ಲಿ ಹೇಳಿ ಗಿರಾಕಿಗಳು ನಗುತ್ತಾರೆ. ತಮಗದು ಬರುವುದಿಲ್ಲವೆಂದು ಉಪಾಧ್ಯರು ತಲೆಯಾಡಿಸುತ್ತಾರೆ. ಪಾರ್ಶ್ವವಾಯು ಬಡಿದ ರುಕ್ಮಿಣಮ್ಮನ ಬೆರಳುಗಳಿಗೆ ಕೆಲಸ ಬೇಕೆಂದು ಡಾಕ್ಟರು ರಬ್ಬರ್ ಚೆಂಡು ಕೊಟ್ಟಿದ್ದರು. ಆಕೆ ಅದನ್ನು ಮುಟ್ಟಲಿಲ್ಲ, ಗಂಡನ ಕೈಯನ್ನು ಮಾತ್ರ ಬೇಡವೆನ್ನಲಿಲ್ಲ. ಮೊನ್ನೆ ರುಕ್ಮಿಣಮ್ಮ ಪಟ್ಟಿ ಬಿಗಿದು, ತಡವರಿಸದೆ ಪಾಸ್‌ಕೋಡ್ ಒತ್ತಿ, "ಆಯ್ತಲ್ಲ, ಇನ್ನೆಂತ?" ಎಂದರು. ಊಟದ ಬಿಲ್ಲು ಹಿಡಿದ ಗಿರಾಕಿಗಳು ಸಾಲಾಗಿ ಕಾಯುತ್ತಿದ್ದರೂ ಉಪಾಧ್ಯರು ಕೈ ಹಿಂದೆಗೆಯಲಿಲ್ಲ.