ನಾಗನಾಥ ಬಾವಿ ಬಿಟ್ಟದ್ದು

ನಾಗನಾಥ ಮೂವತ್ತು ತುಂಬುವ ಮೊದಲೇ ಬಾವಿಗೆ ಇಳಿಯುವುದನ್ನು ಬಿಟ್ಟ. ಯಾಕೆ ಬಿಟ್ಟ ಅಂತ ಕಲ್ಯಾಣದಲ್ಲಿ ಯಾರನ್ನಾದರೂ ಕೇಳಿ, ‘ಕಿವಿ ಹೋಯಿತು, ಪಾಪ’ ಅನ್ನುತ್ತಾರೆ. ಬಾವಿಯಲ್ಲಿ ಮುಳುಗುವವರ ಕಿವಿ ಹೋಗುವುದು ನಿಜ. ಆದರೆ ಇವನ ಕಿವಿ ನೆಟ್ಟಗಿತ್ತು. ನಾನು ಅವನ ಓಣಿಯವನು, ನನಗೆ ಗೊತ್ತು.

ಪಾತಾಳಗರಡಿಯ ಕೊಕ್ಕೆಗೂ ಸಿಗದ ಕೊಡ, ಬಿಂದಿಗೆಗಳನ್ನು ಮುಳುಗಿ ತೆಗೆಯುವುದು ಅವನ ಕಸುಬು. ಅರವತ್ತರ ದಶಕದಲ್ಲಿ ಹಳ್ಳಿಗಳಿಗೆ ನಳ ಎಲ್ಲಿತ್ತು? ಕೊಹಿನೂರ, ನಾರಾಯಣಪುರ, ಎಲ್ಲ ಕಡೆಯಿಂದ ಕರೆ ಬರುತ್ತಿತ್ತು. ತಳ ಮುಟ್ಟಿದ್ದಕ್ಕೆ ಸಾಕ್ಷಿಯಾಗಿ ಒಂದು ಹಿಡಿ ಕೆಸರು ತಂದು ತೋರಿಸುತ್ತಿದ್ದ, ಹೆಂಗಸರು ನಗುತ್ತಿದ್ದರು. ಒಂದೇ ಕಟ್ಟಳೆ: ಕುಡಿಯುವ ನೀರಿಗೆ ಇಳಿಯುವವನು ಹೆಣ ಮುಟ್ಟಬಾರದು. ಹೆಣ ತೆಗೆಯಲು ಹುಮನಾಬಾದಿನಲ್ಲಿ ಗುಂಡಪ್ಪ ಅಂತ ಬೇರೊಬ್ಬನಿದ್ದ. ಅವನನ್ನು ಯಾವ ಊರಿನವರೂ ಸಿಹಿನೀರಿನ ಬಾವಿಯ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ.

ಅಂದು ಕೊಹಿನೂರದಲ್ಲಿ ಸಾವಕಾರ ಬಸವಣಪ್ಪನವರ ಕೊಡ ತೆಗೆದುಕೊಟ್ಟು, ಅವರ ಪಡಸಾಲೆಯಲ್ಲಿ ರೊಟ್ಟಿ ತಿನ್ನುತ್ತ ಕೂತಿದ್ದ. ಹೊರಗೆ ಬೊಬ್ಬೆ ಎದ್ದಿತು. ಸಾವಕಾರರ ಮೊಮ್ಮಗಳು ಅದೇ ಬಾವಿಗೆ ಬಿದ್ದಿದ್ದಳು.

ಓಡಿ ಹೋಗಿ ನೋಡಿದರೆ ನೀರು ಆಗಲೇ ನಿಂತುಬಿಟ್ಟಿತ್ತು, ಒಂದು ಗುಳ್ಳೆಯೂ ಇರಲಿಲ್ಲ. ನಾಗನಾಥ ಕಟ್ಟೆಯ ಮೇಲೆ ಒಂದು ಗಳಿಗೆ ತಡೆದ. ಕೂಸಿಗೆ ಜೀವವಿದ್ದರೆ ಸರಿ. ಇಲ್ಲದಿದ್ದರೆ ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡಂತೆ.

“ಇಳಿಯೋ ತಮ್ಮಾ, ಈಗೀಗ ಬಿದ್ದಾಳ. ಜೀವ ಅದ, ಖರೇನ ಅದ,” ಅಂದರು ಬಸವಣಪ್ಪ.

ಹಾರಿದ. ಮೊದಲ ಸಲ ಸಿಗಲಿಲ್ಲ. ಎರಡನೇ ಸಲ, ಕಲ್ಲಿನ ಸಂದಿಗೆ ಸಿಕ್ಕಿಕೊಂಡ ಲಂಗ ಕೈಗೆ ಹತ್ತಿತು. ಮೇಲೆ ತಂದ. ಹೊಟ್ಟೆ ಒತ್ತಿದರು. ನೀರು ಬಂತು, ಉಸಿರು ಬರಲಿಲ್ಲ. ಬಸವಣಪ್ಪ ಅವನ ಒದ್ದೆ ಕಾಲು ಹಿಡಿದುಕೊಂಡು, “ನೀ ದೇವರಂಥಾವ” ಅಂತ ಅತ್ತರು.

ಆಮೇಲೆ ಬಾವಿಯ ನೀರೆಲ್ಲ ತೋಡಿ ಚೆಲ್ಲಿದರು, ಪೂಜೆ ಮಾಡಿಸಿದರು. ಬಾವಿ ಶುದ್ಧವಾಯಿತು. ದೇವರಂಥವನು ಮಾತ್ರ ಆಗಲಿಲ್ಲ. ಬರಬೇಡ ಅಂತ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ನಮ್ಮ ಜನ ಅಷ್ಟು ಒರಟರಲ್ಲ, ಕರೆಯಲಿಲ್ಲ, ಅಷ್ಟೇ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಅವನು ಹುಮನಾಬಾದಿನ ಅಡತಿಯಲ್ಲಿ, ಕಾಳುಕಡಿಯ ದಲಾಲಿ ಅಂಗಡಿಯಲ್ಲಿ, ಚೀಲ ಹೊರಲು ಹೋದ. ಕಿವಿಯ ಸುದ್ದಿ ಹಬ್ಬಿಸಿದ್ದೂ ಅವನೇ. ಯಾರೂ ಕರೆಯುವುದಿಲ್ಲ ಅನ್ನುವುದಕ್ಕಿಂತ ನನಗೇ ಆಗುವುದಿಲ್ಲ ಅನ್ನುವುದರಲ್ಲಿ ಸ್ವಲ್ಪ ಮರ್ಯಾದೆ ಉಳಿಯುತ್ತದೆ.

ಮರುವರ್ಷ ಬಸವಣಪ್ಪ ಅವನ ಬಾಗಿಲಿಗೇ ಬಂದರು. ಕೊಡ ಬಿದ್ದಿದೆ ಅಂದರು. ನಾಗನಾಥ ಕಿವಿಯ ನೆಪ ಮರೆತು, ಗಡಬಡಿಸಿ ಎದ್ದು ಹಗ್ಗ ಹೆಗಲಿಗೆ ಹಾಕಿಕೊಂಡ.

“ಬಂದೆ, ನಡೀರಿ ಸಾವಕಾರ್ರ.”

ಅವರು ನೆಲ ನೋಡಿದರು. “ನೀ ಕೂಡು. ನಿನ್ನ ತಮ್ಮ ಮಲ್ಲಿಕಾರ್ಜುನಗ ಮುಳುಗಾಕ ಬರ್ತದಂತಲ್ಲ, ಅವನ್ನ ಕಳಸು.”

ನಾಗನಾಥ ಹಗ್ಗವನ್ನು ಹೆಗಲಿಂದ ಇಳಿಸಿದ. ಮನೆಯಲ್ಲಿ ಒಲೆ ಹೊತ್ತಬೇಕಿತ್ತು. ತಮ್ಮನನ್ನು ಕರೆದು ಹಗ್ಗವನ್ನು ಅವನ ಹೆಗಲಿಗೆ ಹಾಕಿ, ಸಾವಕಾರರ ಎದುರಿಗೇ, ದನಿ ಏರಿಸದೆ ಹೇಳಿದ:

“ಕೊಡ ಬಿದ್ರ ಹೋಗು. ಕೂಸು ಬಿದ್ದದ ಅಂದ್ರ ನಿನಗ ಈಜಾಕ ಬರಂಗಿಲ್ಲ. ತಿಳೀತಿಲ್ಲೋ?”