ಜಗಳವಾಡಿ ಹೊರಟ ಮನೆ

ಕೆನಂಗ ಹುಟ್ಟಿದ್ದು ತೆಪ್ಪದ ಮೇಲೆ, ಹಸೆಗೆ ಕೂತದ್ದು ತೆಪ್ಪದ ಮೇಲೆ, ಮಕ್ಕಳನ್ನು ಹೆತ್ತು ಬೇರೆ ಬೇರೆ ತೆಪ್ಪಗಳಿಗೆ ಕೊಟ್ಟದ್ದೂ ತೆಪ್ಪದ ಮೇಲಿಂದಲೇ. ಒಮ್ಮೆ ಯಾರದೋ ತಿಥಿಗೆಂದು ದಡದ ಮೇಲೆ ಒಂದು ರಾತ್ರಿ ಮಲಗಿದಳಂತೆ. "ನೆಲ ಅಲ್ಲಾಡೋದೇ ಇಲ್ವಲ್ರೀ, ಸತ್ತ ಎಮ್ಮೆ ಮೇಲೆ ಮಲಗಿದ ಹಾಗಾಯ್ತು" ಎಂದು ಆಮೇಲೆ ಊರೆಲ್ಲ ಹೇಳಿಕೊಂಡು ಬಂದಳು.

ನಮ್ಮ ಶ್ರೀವಿಜಯದಲ್ಲಿ ನೆಲ ಇರುವುದು ದೊರೆಗೆ, ವಿಹಾರಗಳಿಗೆ, ಆನೆಗಳಿಗೆ. ಮಿಕ್ಕ ನಮಗೆಲ್ಲ ಮೂಸಿ ಹೊಳೆ ಇದೆ. ಬಿದಿರಿನ ತೆಪ್ಪ, ಮೇಲೊಂದು ಗರಿಯ ಮಾಡು, ಮುಂದೊಂದು ಒಲೆ. ನೀರಿನ ಮೇಲಿರುವವನಿಗೆ ಕಂದಾಯವಿಲ್ಲ. ಅದಕ್ಕಿಂತ ದೊಡ್ಡ ಸುಖ ಇನ್ನೊಂದಿದೆ: ನೆರೆಯವರೊಡನೆ ಹೊಂದಲಿಲ್ಲವೋ, ಪಂಚಾಯಿತಿ ಕೂಡಿಸಬೇಕಿಲ್ಲ. ಹಗ್ಗ ಬಿಚ್ಚಿ, ಗಳ ಒತ್ತಿ, ಮನೆಯನ್ನೇ ಹೊರಡಿಸಿಕೊಂಡು ಹೋದರಾಯಿತು. ಕೆನಂಗ ಈ ಸುಖವನ್ನು ಉಂಡಷ್ಟು ಇನ್ಯಾರೂ ಉಂಡಿಲ್ಲ. ಅವಳ ಮನೆ ಕಟ್ಟದ ಗೂಟವೇ ಹೊಳೆಯಲ್ಲಿ ಇರಲಿಲ್ಲ.

ಆದರೂ ಕೊನೆಗೆ ಒಂದು ಕಡೆ ನಿಂತಿದ್ದಳು. ಹಡಗುಕಟ್ಟೆಯ ಪಕ್ಕದಲ್ಲಿ ಬೂರುಗದ ಮರವೊಂದಿದೆ. ಅದರ ಬುಡದ ಗೂಟಗಳಿಗಾಗಿ ಅಡುಗೆಯವರೆಲ್ಲ ಬಾಯಿ ಬಿಡುತ್ತಿದ್ದರು. ಚೀನದಿಂದ ಬಂದವರು ಹಡಗಿನಿಂದ ಇಳಿದರೆ ಮೊದಲು ಮೂಗಿಗೆ ಬಡಿಯುವುದು ಅಲ್ಲಿನ ಒಗ್ಗರಣೆ. ಅದಕ್ಕೊಂದು ಕಟ್ಟಳೆಯೂ ಇತ್ತು. ಚೀನದ ಕಡೆಯಿಂದ ಬೀಸಲು ಗಾಳಿ ತಿರುಗಿದ ಮೇಲೆ ಮೊದಲ ಹಡಗು ಕಟ್ಟೆಗೆ ಹಗ್ಗ ಎಸೆಯುವಾಗ ಯಾವ ಗೂಟದಲ್ಲಿ ಯಾರ ಮನೆ ಇರುತ್ತದೋ, ಗಾಳಿ ಮತ್ತೆ ತಿರುಗುವವರೆಗೂ ಆ ಜಾಗ ಅವರದೇ. ಕೆನಂಗ ವರ್ಷ ವರ್ಷವೂ ಅಲ್ಲಿ ಕೂತು, ಹುಳಿ ಬರಿಸಿದ ದುರಿಯನ್ ಹಣ್ಣು ಹಾಕಿದ ಮೀನುಸಾರು ಕುದಿಸಿ, ಪರದೇಶಿಗಳ ಕಣ್ಣಲ್ಲಿ ಮೂಗಲ್ಲಿ ನೀರು ತರಿಸುತ್ತಿದ್ದಳು. ಅವರು ಮಾರನೆಯ ದಿನವೂ ಬರುತ್ತಿದ್ದರು.

ಪಕ್ಕದ ಗೂಟ ದೆಲಿಮಳದು. ಅವಳೂ ಅಡುಗೆಯವಳೇ, ವಯಸ್ಸಿನಲ್ಲಿ ಸ್ವಲ್ಪ ಕಿರಿಯಳು, ಬಾಯಲ್ಲಿ ಸಮ. ಒಂದು ವರ್ಷ ದೆಲಿಮಳ ಮಗಳ ಮದುವೆಗೆ ಅಂಗಳ ಸಾಲದೆ ಎರಡೂ ಮನೆಗಳನ್ನು ಬೆತ್ತದಿಂದ ಬಿಗಿದು ಒಂದೇ ಚಪ್ಪರ ಮಾಡಿದ್ದರು. ಮದುವೆ ಮುಗಿದ ಮೇಲೆ ನೀರಿನಡಿಯ ಬಿಗಿತವನ್ನು ಕಡಿಯಲು ಕೆನಂಗ ತನ್ನ ಗಂಡ ಕಯೆತನಿಗೆ ಹೇಳಿದ್ದಳು. "ಆಯ್ತಲ್ಲ" ಎಂದಿದ್ದ ಅವನು. ಕಯೆತ ಹೂಂ ಎಂದರೆ ಕೆಲಸ ಆಗಿದೆ ಎಂದು ನಂಬಿದ್ದು ಕೆನಂಗ ಜೀವಮಾನದಲ್ಲಿ ಅದೊಂದೇ ಸಲ.

ಗಾಳಿ ತಿರುಗಿತು. ಇಂದೋ ನಾಳೆಯೋ ಹಡಗು ಎನ್ನುವ ಒಂದು ಬೆಳಿಗ್ಗೆ ದೆಲಿಮಳ ಹಸಿ ಸೌದೆಯ ಹೊಗೆ ಕೆನಂಗಳ ಸಾರಿನ ಮೇಲೆ ಕವಿಯಿತು.

"ಏನೇ, ಅಡುಗೆ ಮಾಡ್ತಿದೀಯೋ, ಸೊಳ್ಳೆ ಓಡಿಸ್ತಿದೀಯೋ?"

"ನಿನ್ನ ಸಾರಿಗೆ ಹೊಗೆ ಬಿದ್ರೆ ರುಚಿ ಹೆಚ್ಚುತ್ತೆ, ಸುಮ್ನಿರಕ್ಕ!"

"ನಿನ್ನ ಪಕ್ಕ ಬಾಳೋಕ್ಕಿಂತ ಮೊಸಳೆ ಪಕ್ಕ ಬಾಳಬಹುದು. ಮರದ ಆಚೆ ಗೂಟ ಖಾಲಿ ಇದೆ, ಹೋಗ್ತೀನಿ."

"ನೀನ್ಯಾಕೆ ಹೋಗ್ತಿ? ನಾನೇ ಹೋಗ್ತೀನಿ ಕೆಳಗಿನ ಗೂಟಕ್ಕೆ!"

ಇಬ್ಬರೂ ಸರಸರನೆ ತಮ್ಮ ತಮ್ಮ ಹಗ್ಗ ಬಿಚ್ಚಿದರು. ಒಬ್ಬಳು ಮೇಲಕ್ಕೆ ಗಳ ಒತ್ತಿದಳು, ಇನ್ನೊಬ್ಬಳು ಕೆಳಕ್ಕೆ. ಮನೆಗಳು ಬೇರೆಯಾಗಲಿಲ್ಲ. ಬೀಸುಕಲ್ಲಿನ ಹಾಗೆ ಒಂದು ಸುತ್ತು ತಿರುಗಿ, ಇಳಿತದ ನೀರಿಗೆ ಸಿಕ್ಕು, ಜೊತೆಯಾಗಿಯೇ ತೇಲಿಹೋದವು. ದಡದ ಮಂದಿ ಬೊಬ್ಬೆ ಹಾಕಿ ನಕ್ಕರು. ಒಳಗೆ ಕಯೆತ ಗೊರಕೆ ಹೊಡೆಯುತ್ತಿದ್ದ.

"ಕಡೀಲಿಲ್ವೇನೋ ಮೂಳ!" ಎಂದು ಕೆನಂಗ ಅವನನ್ನು ಒದ್ದಳು.

ಅವನು ಎದ್ದು ಹೊರಗೆ ನೋಡಿ, "ದೆಲಿಮಾನೂ ಬಂದ್ಳಾ? ಒಳ್ಳೇದಾಯ್ತು" ಎಂದ.

ಎರಡು ಮನೆಗಳ ಭಾರಕ್ಕೆ ಗಳ ತಲೆಬಾಗಲಿಲ್ಲ, ಮುರಿಯಿತು. ದೆಲಿಮ ಅಳುತ್ತ ಬೈದಳು, ಬೈಯುತ್ತ ಅತ್ತಳು. ಊರು ಕಣ್ಮರೆಯಾಗಿ, ಹೊಳೆಯ ದೊಡ್ಡ ತಿರುವಿನ ಕೆಸರುದಿಣ್ಣೆಗೆ ತೆಪ್ಪಗಳು ಒರಗಿ ನಿಂತಾಗ ಎದುರಿಗೇ, ಹಗ್ಗ ಎಸೆದರೆ ಸಿಗುವಷ್ಟು ಹತ್ತಿರ, ಒಂದು ಚೀನದ ಹಡಗು. ವರ್ಷದ ಮೊದಲನೆಯದು. ಮುಂದಿನ ಮರಳುದಿಣ್ಣೆ ದಾಟಲು ಉಬ್ಬರ ತುಂಬಲೆಂದು ಲಂಗರು ಹಾಕಿ ಕಾಯುತ್ತಿತ್ತು.

ದೆಲಿಮಳ ಅಳು ಅಲ್ಲಿಗೇ ನಿಂತಿತು. "ಅಕ್ಕ, ನೀರು ತಿರುಗ್ತಾ ಇದೆ ನೋಡು! ಆ ಹಡಗಿಗೆ ತುಂಬಿದ ಉಬ್ಬರ ಬೇಕು, ನಮಗೆ ಮೊಣಕಾಲುದ್ದ ಸಾಕು. ಈಗಲೇ ಹೊರಟ್ರೆ ಅದಕ್ಕಿಂತ ಮುಂಚೆ ಗೂಟ ಹಿಡೀಬಹುದು. ಕಯೆತಣ್ಣ, ಗಳಕ್ಕೊಂದು ಬಿದಿರು ಕಿತ್ತು ಕೊಡು!"

ಅಷ್ಟರಲ್ಲಿ ಹಡಗಿನ ಅಂಚಿನಿಂದ ಬುಯುತ ಕೂಗಿದ. ಪರದೇಶಿ ಹಡಗುಗಳಿಗೆ ಹೊಳೆಯ ದಾರಿ ತೋರಿಸುವ ಮುದುಕ, ನಮ್ಮವನೇ.

"ಯಾರದು, ಕೆನಂಗನಾ? ಬುದ್ಧ ಕಳಿಸಿದ ಹಾಗೆ ಬಂದೆ ಕಣಮ್ಮ! ಇಲ್ಲಿ ಇಬ್ಬರು ಭಿಕ್ಷುಗಳಿದ್ದಾರೆ. ನಮ್ಮ ಅಕ್ಕಿ ಮೊನ್ನೆಗೇ ಮುಗೀತು. ಹೊತ್ತು ನೆತ್ತಿ ದಾಟಿದ್ರೆ ಅವರು ನಾಳೆವರೆಗೂ ತುತ್ತು ಮುಟ್ಟೋದಿಲ್ಲ. ನಿನ್ನೆ ಕೂಡ ಉಂಡಿಲ್ಲ."

ಕೆನಂಗ ಮೇಲೆ ನೋಡಿದಳು. ಬೋಳು ತಲೆಯ ಇಬ್ಬರು. ಹಿರಿಯನು ಕಣ್ಣು ಮುಚ್ಚಿ ಕೂತಿದ್ದ, ಕಿರಿಯನ ಕಣ್ಣು ಅವಳ ಒಲೆಯ ಮೇಲಿತ್ತು. ಹೊತ್ತು ಇನ್ನೇನು ನೆತ್ತಿಗೆ ಬರುವುದರಲ್ಲಿತ್ತು.

"ದೆಲಿಮ, ನನ್ನ ಸಾರಲ್ಲಿ ಮೀನಿದೆ. ಆ ದೇಶದ ಗುರುಗಳು ಮುಟ್ಟಲ್ಲ. ನಿನ್ನ ಗಡಿಗೇಲೇನಿದೆ?"

"ಕುಂಬಳಕಾಯಿ, ತೆಂಗಿನಹಾಲು. ಅದ್ಯಾಕೆ ಈಗ?"

"ಇಳಿಸು. ನನ್ನ ಅನ್ನ ಇದೆ."

"ಗೂಟ ಹೋಗುತ್ತೆ ಅಕ್ಕ! ವರ್ಷದ ಅನ್ನ ಅದು!"

"ಹೋಗ್ಲಿ. ಮನೆ ಬಾಗಿಲಿಗೆ ಬಂದ ಹಸಿವು ಬಿಟ್ಟು ಗೂಟ ನೆಕ್ಕೋಕೆ ಹೋಗ್ಲಾ? ನೀನು ಬೇಕಾದ್ರೆ ಹೋಗು."

"ಹೆಂಗೆ ಹೋಗ್ಲಿ? ನಿನ್ನ ಗಂಡ ಕಟ್ಟಿಹಾಕಿದಾನಲ್ಲ!" ಎಂದು ದೆಲಿಮ ಗೊಣಗುತ್ತಲೇ ಗಡಿಗೆ ಇಳಿಸಿ, ತಾನೇ ಉಪ್ಪು ನೋಡಿ, ಚಿಟಿಕೆ ಸೇರಿಸಿ ಬುಟ್ಟಿಗಿಟ್ಟಳು. ಬುಟ್ಟಿ ಹಗ್ಗದಲ್ಲಿ ಮೇಲೇರಿತು. ಹೊತ್ತು ನೆತ್ತಿ ದಾಟುವ ಮೊದಲೇ ಭಿಕ್ಷುಗಳ ಬಟ್ಟಲು ಖಾಲಿಯಾಗಿತ್ತು. ಆಮೇಲೆ ಮೀನುಸಾರಿನ ವಾಸನೆಗೆ ಹಡಗಾಳುಗಳು ಮಂಗಗಳಂತೆ ಹಗ್ಗ ಹಿಡಿದು ಇಳಿದು ಬಂದರು. ಗಡಿಗೆಯ ತಳ ಕೆರೆದು ಹೋದರು. ಉಬ್ಬರ ತುಂಬಿ ಹಡಗು ಹೊರಟಿತು.

ಸಂಜೆಯ ಹೊತ್ತಿಗೆ ಇವರು ಊರು ಮುಟ್ಟಿದಾಗ ಬೂರುಗದ ಕೆಳಗೆ ಒಂದು ಗೂಟದಲ್ಲಿ ಎಳನೀರಿನವನು, ಇನ್ನೊಂದರಲ್ಲಿ ಅವನ ಬೀಗರು. ಕಟ್ಟಳೆ ಕಟ್ಟಳೆಯೇ. ಅಲ್ಲಿಯ ಮಂದಿ ಇನ್ನೊಮ್ಮೆ ನಗುವ ಮೊದಲೇ ಕೆನಂಗ ತೆಪ್ಪ ತಿರುಗಿಸಿ ಮತ್ತೆ ತಿರುವಿಗೆ ಬಿಟ್ಟಳು. ಬರುವ ಹಡಗೆಲ್ಲ ಅಲ್ಲಿ ಉಬ್ಬರಕ್ಕೆ ಕಾಯಲೇಬೇಕು, ಕಾಯುವ ಹೊಟ್ಟೆ ಹಸಿಯಲೇಬೇಕು. ಆ ಗಾಳಿಕಾಲವೆಲ್ಲ ಕಟ್ಟೆಗೆ ಬಂದವರು ಮೊದಲೇ ಉಂಡು, ತೇಗುತ್ತ ಇಳಿಯುತ್ತಿದ್ದರು. ಎಳನೀರಿನವನು ಬೂರುಗದ ಹತ್ತಿ ಹಾರುವುದನ್ನು ನೋಡುತ್ತ ಕೂತ.

ಈ ಜಾಗ ಹೇಗೆ ಹೊಳೆಯಿತೆಂದು ಯಾರಾದರೂ ಕೇಳಿದರೆ ಕೆನಂಗ ಸೌಟು ತಿರುಗಿಸುತ್ತ, "ಯೋಚನೆ ಮಾಡಿದ್ದೆ ಕಣಪ್ಪ, ಬಹಳ ದಿನದಿಂದ" ಎನ್ನುವಳು.

ಪಕ್ಕದ ಹೊಗೆಯೊಳಗಿಂದ ದೆಲಿಮ ಹೇಳುವಳು: "ಹೌದೌದು. ಯೋಚನೆ ಮಾಡ್ತಾ ಮಾಡ್ತಾ ಆವತ್ತು ದಾರಿಯುದ್ದಕ್ಕೂ ಗಂಡನ್ನ ಒದೀತಿದ್ಲು."