ನಾದಿನಿಯ ಸಾಲು

ಆಗ ನನಗೆ ಎಪ್ಪತ್ತೊಂದು. ಈಗ ಅದಕ್ಕೆ ಮೂರು ವರ್ಷ ಆಯಿತು. ಕೊಲ್ಲಮೊಗ್ರಿನಿಂದ ತಮ್ಮನ ಫೋನು ಬಂತು, ಮಗಳ ಮದುವೆಯಂತೆ.

"ಅಕ್ಕ, ಶೋಭಾನೆಗೆ ನೀನು ಕಷ್ಟಪಡುದು ಬೇಡ. ಮೊಬೈಲಲ್ಲಿ ಹಾಕಿದ್ರೆ ಆಯ್ತಲ್ಲ."

ನನಗೆ ಮೈಯೆಲ್ಲ ಉರಿಯಿತು. ನಮ್ಮಲ್ಲಿ ಶೋಭಾನೆ ಒಬ್ಬಳು ಹೇಳುವುದಲ್ಲ. ಒಬ್ಬಳ ಸಾಲಿನ ಕೊನೆಯ ಮಾತು ಮುಗಿಯುವ ಮೊದಲೇ ಇನ್ನೊಬ್ಬಳು ಅದೇ ಸಾಲು ಎತ್ತಬೇಕು. ಮೊದಲಿನವಳಿಗೆ ಉಸಿರು ಸಿಗುವುದು ಆಗಲೇ. ಹಾಗೆ ಎತ್ತುತ್ತಿದ್ದವಳು ನನ್ನ ನಾದಿನಿ, ಗಂಡನ ತಂಗಿ. ಗಂಟಲಿನ ಆಪರೇಶನ್ ಆಗಿ ಅವಳ ಸ್ವರ ಹೋಗಿತ್ತು. ಬೇರೆ ಯಾರಿಗೂ ಆ ಹಾಡು ಬಾರದು. ಎರಡನೆಯವಳಿಲ್ಲದೆ ಹೋದರೆ ನನ್ನನ್ನು ಊಟದ ಪಂಕ್ತಿಗೆ ಕಳಿಸುತ್ತಾರೆ, ಅಷ್ಟೆ.

ನನ್ನ ಸೊಸೆ ಪುತ್ತೂರಿನಲ್ಲಿ ಮಕ್ಕಳಿಗೆ ಸಂಗೀತ ಕಲಿಸುತ್ತಾಳೆ. ಸ್ವರ ಬರೆಯುವ ಸಾಫ್ಟ್‌ವೇರ್ ಅವಳ ಲ್ಯಾಪ್‌ಟಾಪಿನಲ್ಲಿ ಇತ್ತು. ಬರೆದದ್ದನ್ನು ಅದೇ ನುಡಿಸಿಯೂ ತೋರಿಸುತ್ತದೆ. ನಾದಿನಿಯ ಬದಲಿಗೆ ಅದೇ ಎತ್ತಲಿ ಎಂದು ನನ್ನ ಸಾಲನ್ನು ಕೇಳಿ ಬರೆದಳು.

"ಎರಡನೆಯದ್ದು ಇದೇ ಅಲ್ವಾ ಅತ್ತೆ? ನಕಲು ತೆಗೆದು ಬೇಕಾದಲ್ಲಿ ಅಂಟಿಸಿ" ಎಂದು ತೋರಿಸಿ ಕ್ಲಾಸಿಗೆ ಹೋದಳು.

ನನಗೆ ಬಸ್ಸಿನ ಬೋರ್ಡು ಓದುವಷ್ಟು ಅಕ್ಷರ ಉಂಟು. ಆ ಪರದೆಯಲ್ಲಿ ಅದೂ ಉಪಯೋಗವಿಲ್ಲ. ಕೆಳಗೆ ಸ್ವರ ಕೂರಿಸುವ ಐದು ಗೆರೆ, ಮೇಲೆ ಇರುವೆ ಸಾಲಿನ ಹಾಗೆ ಚಿತ್ರಗಳು. ಒಂದು ಒತ್ತಿದರೆ ಹಾಳೆ ದೊಡ್ಡದಾಯಿತು. ಇನ್ನೊಂದು ಒತ್ತಿದರೆ ಹಾಡೇ ಹೋಯಿತು! ಹಿಂದಕ್ಕೆ ಬಾಗಿದ ಬಾಣ ಒತ್ತಿದ ಮೇಲೆ ಬಂತು. ನಾನು ಬೈದದ್ದಕ್ಕೆ ಪಕ್ಕದಲ್ಲಿ ಕೂತ ನಾದಿನಿ ಸದ್ದಿಲ್ಲದೆ ನಗುತ್ತಿದ್ದಳು.

ಎರಡನೆಯ ಸಾಲನ್ನು, ನಾವು ಹೇಳುವ ಹಾಗೆಯೇ, ನನ್ನ ಕೊನೆಯ ಮಾತಿನ ಮೇಲೆ ಅಂಟಿಸಿದೆ. ಮಾತನ್ನೇ ತಿಂದಿತು. ಮತ್ತೆ ಅಂಟಿಸಿದೆ, ಮತ್ತೆ ತಿಂದಿತು. ಸಂಜೆ ಸೊಸೆ ಬಂದವಳೇ, "ಒಂದೇ ಗೆರೆಯಲ್ಲಿ ಇಬ್ಬರನ್ನು ಕೂರಿಸಿದ್ರೆ ಎಂತ ಮಾಡುದು ಅದು?" ಎಂದು ಕೆಳಗೆ ಇನ್ನೊಂದು ಐದು ಗೆರೆ ತಂದಳು. ಇದನ್ನು ಬೆಳಿಗ್ಗೆ ಹೇಳಲಿಕ್ಕೆ ಏನಾಗಿತ್ತು?

ಮೇಲಿದ್ದ ನನ್ನ ಸಾಲಿನ ಸದ್ದು ಬಂದ್ ಮಾಡಿ ನಾನು ಹಾಡಿದೆ. ಕೆಳಗಿನದು ಕೊಳಲಿನಂತೆ ಎತ್ತಿತು. ಮೊದಲ ಸಾಲು ಸರಿ. ಹಾಡಿನ ಮುಂದಿನ ಸಾಲನ್ನು ಎಳೆದು ಹಾಡಿದೆ, ಧಾರೆಗೆ ತಡವಾದರೆ ಎಳೆಯಲೇಬೇಕು. ಅದು ಕಾಯಲೇ ಇಲ್ಲ, ಬಸ್ಸು ತಪ್ಪುತ್ತದೆ ಅನ್ನುವ ಹಾಗೆ ಓಡಿತು.

"ಇದಕ್ಕೆ ನನ್ನ ಬಾಯಿ ಕಾಣುದಿಲ್ವಾ?" ಎಂದು ಕಿರುಚಿದೆ.

"ಮೆಶಿನ್ ಅಲ್ವಾ ಅತ್ತೆ! ಈ ಉದ್ದದ ಕೀಲಿ ಒತ್ತಿದ್ರೆ ನಿಲ್ತದೆ, ಮತ್ತೆ ಒತ್ತಿದ್ರೆ ಹೋಗ್ತದೆ."

"ಒತ್ತುದು ಯಾರು? ನಿನ್ನ ಗಂಡನಾ? ಹಾಡು ಎಲ್ಲಿ ಎತ್ತಬೇಕು ಅಂತ ಗೊತ್ತುಂಟಾ ಅವನಿಗೆ?"

ನಾದಿನಿ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡು ನನ್ನ ಬಾಯಿಯನ್ನೇ ನೋಡಿದಳು, ಮೊದಲು ಚಪ್ಪರದಲ್ಲಿ ನೋಡುತ್ತಿದ್ದ ಹಾಗೆ. ಬೇಕೆಂದೇ ಸಾಲನ್ನು ಎಳೆದೆ. ಕೀಲಿ ಒತ್ತಿ ಅದನ್ನು ನಿಲ್ಲಿಸಿದಳು. ಕೊನೆಯ ಮಾತಿಗೆ ಬಂದದ್ದೇ ಮತ್ತೆ ಒತ್ತಿದಳು. ನನಗೆ ಉಸಿರು ಸಿಕ್ಕಿತು.

ಆ ಪೀಪಿ ಸದ್ದು ನನಗೆ ಇವತ್ತಿಗೂ ಆಗುವುದಿಲ್ಲ. ಅವಳ ಸ್ವರದ ಹತ್ತಿರವೂ ಬಾರದು.

ಮರುದಿನ ಬೆಳಿಗ್ಗೆ ಚಾ ಕುಡಿಯುವ ಮೊದಲೇ ತಮ್ಮನಿಗೆ ಫೋನು ಮಾಡಿದೆ. "ಶೋಭಾನೆಗೆ ನಾವು ಇಬ್ಬರು ಬರ್ತೇವೆ. ಮಂಟಪದ ಹತ್ತಿರ ಎರಡು ಕುರ್ಚಿ, ಒಂದು ಪ್ಲಗ್ ಇರಲಿ" ಎಂದು ಹೇಳಿ, ಅವನು ಬಾಯಿ ತೆರೆಯುವುದರೊಳಗೆ ಇಟ್ಟೆ.